ಲಾಭ್ ಸಿಂಗನ ಇಟ್ಟಿಗೆಯ ಜಾಗ

ಪಾಕಿಸ್ತಾನದ ಪಂಜಾಬಿನ ನಾರೋವಾಲ್ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಖಾವರನಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇಲ್ಲ. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಇಟ್ಟು "ಎಲ್ಲಿ, ಕೆಳಗಿನ ಸಾಲು ಓದಿ" ಎನ್ನುವಾಗಲೂ ಅವನ ಕಣ್ಣು ಬಾಗಿಲಾಚೆ ನಿಲ್ಲಿಸಿದ ಮೋಟಾರ್ ಸೈಕಲ್ಲಿನ ಮೇಲೆಯೇ. ಶುಕ್ರವಾರದ ನಮಾಜು ಮುಗಿಯಿತೋ, ಅಂಗಡಿಗೆ ಬೀಗ ಬಿತ್ತೆಂದೇ ಲೆಕ್ಕ. ಎಲ್ಲೋ ಒಂದು ಮುರುಕು ಬುರುಜು, ಅರಳಿಮರದ ಬೇರು ನುಂಗಿದ ಗುರುದ್ವಾರ, ದನ ಕಟ್ಟುವ ಕೊಟ್ಟಿಗೆಯಾಗಿಹೋದ ಗುಡಿ, ಹೆಸರು ಮರೆತ ಫಕೀರನ ಗೋರಿ, ಇಂಥದ್ದೊಂದು ಇದೆ ಎಂದು ಯಾರಾದರೂ ಬಾಯಿ ತಪ್ಪಿ ಹೇಳಿದರೆ ಸಾಕು, ಇವನು ಅಲ್ಲಿ ಹಾಜರು. ಗೋಡೆ ಸವರುತ್ತಾನೆ, ಇಟ್ಟಿಗೆಯ ದಪ್ಪಕ್ಕೆ ಬೆರಳಿಟ್ಟು ನೋಡುತ್ತಾನೆ, ಫೋನಿನಲ್ಲಿ ಚಿತ್ರ ಹಿಡಿದು ಲೋಕಕ್ಕೆಲ್ಲ ಹಂಚುತ್ತಾನೆ. ಗಡಿಯ ಆಚೆ ಈಚೆ ನೋಡುವವರು ಬೇಕಾದಷ್ಟು ಜನ. ಮನೆಗೆ ಹಿಟ್ಟು ಬೇಳೆ ಮಾತ್ರ ಅದರಿಂದ ಬರುವುದಿಲ್ಲ.

"ಊರವರ ಕಣ್ಣಿಗೆಲ್ಲ ನಂಬರ್ ಹಾಕ್ತೀರಿ. ನಿಮ್ಮ ಕಣ್ಣಿಗೆ ಯಾರು ಹಾಕ್ಬೇಕು?" ಎಂದು ಹೆಂಡತಿ ರಿಫತ್ ಕೇಳುತ್ತಾಳೆ. "ಪಾಳು ಬಿದ್ದಿದ್ದೆಲ್ಲ ಕಾಣುತ್ತೆ. ಮನೇಲಿ ಸೋರ್ತಿರೋ ನಲ್ಲಿ ಒಂದು ಕಾಣಲ್ಲ."

ತನ್ನ ಒಳಗಿನ ಚಡಪಡಿಕೆ ಏನೆಂದು ಖಾವರನಿಗೆ ಚೆನ್ನಾಗಿ ಗೊತ್ತು, ಹೇಳಿಕೊಳ್ಳಲು ನಾಚಿಕೆ ಅಷ್ಟೆ. ಅವನ ದಾದಾ, ಅಪ್ಪನ ಅಪ್ಪ, ವಿಭಜನೆಯ ವರ್ಷ ರಾವಿ ನದಿಯ ಆಚೆಯಿಂದ, ಬಟಾಲಾ ಕಡೆಯ ಯಾವುದೋ ಹಳ್ಳಿಯಿಂದ ಬಂದವರು. ಯಾವ ಹಳ್ಳಿ? ಕೇಳಿದರೆ ಮುದುಕ ಹುಕ್ಕಾ ಬಿಟ್ಟು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಮಗ ಕೇಳುವುದನ್ನು ಬಿಟ್ಟ, ಮೊಮ್ಮಗ ಕೇಳುವಷ್ಟು ದೊಡ್ಡವನಾಗುವ ಹೊತ್ತಿಗೆ ಮುದುಕ ಮಣ್ಣಿಗೆ ಹೋದ. ಊರಿನ ಹೆಸರೂ ಅವನ ಜೊತೆಗೇ ಹೋಯಿತು. ತನ್ನದು ಎಲ್ಲಿ ಎಂದು ಗೊತ್ತಿಲ್ಲದವನು ಕಂಡವರ ಕೋಟೆ ಗುಡಿಗಳನ್ನೆಲ್ಲ ಹುಡುಕುತ್ತ ಅಲೆಯುವುದಕ್ಕೆ ಏನೆನ್ನಬೇಕೋ, ನೀವೇ ಹೇಳಿ. ನಾನಂತೂ ಹುಚ್ಚು ಎನ್ನಲಾರೆ.

ಚಳಿ ಹಿಡಿಯುವ ಮುಂಚೆ ಒಂದು ದಿನ ಗಡಿಯ ಆಚೆ, ಭಾರತದ ಕಡೆಯಿಂದ ಫೋನು ಬಂತು. ಡೇರಾ ಬಾಬಾ ನಾನಕ್ ಹತ್ತಿರದ ಹಳ್ಳಿಯ ರೇಷಮ್ ಕೌರ್ ಎಂಬ ಹೆಂಗಸು. ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದವಳು, ಧ್ವನಿಯಲ್ಲಿ ಇನ್ನೂ ಬೆತ್ತ ಇತ್ತು.

"ವೀರ್‌ಜೀ, ನೀವು ಕಂಡೋರ ಗೋಡೆಯೆಲ್ಲ ತೋರಿಸ್ತೀರಿ. ನಮ್ಮ ಬಾಬಾನ ಒಂದ್ಸಲ ಹುಡುಕಿಕೊಡಿ."

"ಯಾವ ಬಾಬಾ, ಭೈಣ್‌ಜೀ?"

"ಬಾಬಾ ಮೋಹ್ಕಾ. ನಮ್ಮ ಕುಲದ ಹಿರಿಯ. ಒಂದು ಪುಟ್ಟ ಕೋಟೆ ಕಟ್ಟಿದ್ನಂತೆ, ಅದರೊಳಗೇ ಅವನ ಗದ್ದುಗೆ. ಊರು ನಿಮ್ಮ ನಾರೋವಾಲ್ ಕಡೆ, ಬರೀ ಕೋಟ್ ಅಂತಿದ್ದ ನಮ್ಮಜ್ಜ ಲಾಭ್ ಸಿಂಗ್. ದೇಶ ಒಡೆದು ಈ ಕಡೆ ಬರುವಾಗ ಅಲ್ಲಿಂದ ಒಂದು ಇಟ್ಟಿಗೆ ತಂದ. ಅದನ್ನಿಟ್ಟು ಇಲ್ಲಿ ಗದ್ದುಗೆ ಕಟ್ಟಿದ್ವಿ. ಮದುವೆ ಆದ ಜೋಡಿಗಳೆಲ್ಲ ಅದಕ್ಕೇ ಅಡ್ಡ ಬೀಳೋದು. ಆದರೆ ಮೂಲ ಜಾಗ ಇದೆಯೋ ಇಲ್ವೋ, ನೋಡ್ಬೇಕು ಅಂತ ಜೀವ ಎಳೀತಿದೆ."

ಜೀವ ಎಳೆಯುವ ಸಂಗತಿ ಖಾವರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋಟ್ ಎಂದರೆ ಕೋಟೆ, ಆ ಸೀಮೆಯಲ್ಲಿ ಕೋಟ್ ಎಂಬ ಹೆಸರಿನ ಹಳ್ಳಿಗಳು ಹೆಜ್ಜೆಗೊಂದು. ಅವನು ಒಂದೊಂದನ್ನೂ ಸುತ್ತಿದ. ನಾಯಿಗಳು ಅಟ್ಟಿಸಿಕೊಂಡು ಬಂದವು, ಒಂದು ಊರಲ್ಲಿ ನಿಧಿ ಅಗೆಯಲು ಬಂದವನೆಂದು ಹಿಡಿದು ಕೂರಿಸಿದರು, ಇನ್ನೊಂದರಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಿಟ್ಟರು. ಕಡೆಗೆ ಜ಼ಫರ್‌ವಾಲ್ ರಸ್ತೆಯಿಂದ ಒಳಗೆ, ಕಬ್ಬಿನ ಗದ್ದೆಗಳ ನಡುವೆ ಒಂದು ದಿಬ್ಬ ಕಂಡಿತು. ದಿಬ್ಬದ ಮೇಲೆ ಅರ್ಧ ನಿಂತ ಒಂದು ಬುರುಜು, ಕೆಳಗೆ ಹಸಿರು ಪಾಚಿಯ ಹೊಂಡ. ಊರಿನ ಹೆಸರು ಕೋಟ್ ಮೋಹ್ಕಾ.

ಬುರುಜಿನ ನೆರಳಲ್ಲಿ ಆಳೆತ್ತರದ ಒಂದು ಗೋಡೆ, ಅದರ ಮುಂದೆ ಕಟ್ಟೆ. ಅದೇ ಗದ್ದುಗೆ. ಇಟ್ಟಿಗೆಗಳು ಹಳೆಯ ನಾನಕ್‌ಶಾಹಿ, ಎರಡು ಬೆರಳು ದಪ್ಪ, ಅಂಗೈಯಷ್ಟು ಉದ್ದ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಎದೆಯ ಮಟ್ಟದಲ್ಲಿ ಮಾತ್ರ ಒಂದು ಇಟ್ಟಿಗೆಯ ಜಾಗ ಖಾಲಿ. ಕಿತ್ತುಹೋದ ತೂತಲ್ಲ ಅದು. ಅಂಚಿಗೆಲ್ಲ ವರ್ಷವರ್ಷವೂ ಸುಣ್ಣ ತೀಡಿ ನುಣ್ಣಗೆ ಮಾಡಿದ್ದರು. ಒಳಗೆ ಒಂದು ಜೇಡರ ಬಲೆಯೂ ಇಲ್ಲ. ಖಾವರ್ ಬಗ್ಗಿ ಅದರೊಳಗೆ ಬೆರಳು ಹಾಕಿದ.

"ಕೈ ತೆಗಿಯಪ್ಪಾ. ಅದು ಬೇರೆಯೋರ ಜಾಗ."

ಹಿಂದೆ ಹಗ್ಗದ ಮಂಚದ ಮೇಲೆ ಒಬ್ಬ ಮುದುಕ ಕೂತಿದ್ದ. ಬಿಳಿ ಪೇಟ, ಎಂಬತ್ತು ದಾಟಿದ ಮುಖ, ಕೈಯಲ್ಲಿ ಕಬ್ಬಿನ ಜಲ್ಲೆ. ಚೌಧರಿ ಮೆಹರ್ ದೀನ್. ಊರಿಗೇ ಚಾಚಾ.

"ಯಾರ ಜಾಗ, ಚಾಚಾ?"

"ಲಾಭಂದು."

ಫೋನಿನಲ್ಲಿ ಕೇಳಿದ್ದ ಅದೇ ಹೆಸರು; ಖಾವರ್ ಮಂಚದ ಪಕ್ಕ ನೆಲಕ್ಕೇ ಕೂತ. ಮುದುಕ ಜಲ್ಲೆ ಪಕ್ಕಕ್ಕಿಟ್ಟು, ಯಾರೋ ಕೇಳಲೆಂದೇ ಇಷ್ಟು ವರ್ಷ ಕಾದವನ ಹಾಗೆ ಹೇಳಿಕೊಂಡ. ಬಾಬಾ ಮೋಹ್ಕಾನ ವಂಶದಲ್ಲಿ ಅರ್ಧ ಸಿಖ್ಖರು, ಅರ್ಧ ಮುಸಲ್ಮಾನರು. ದೇವರು ಬೇರೆ, ಬಾಬಾ ಒಬ್ಬನೇ. ಮದುವೆಯಾದವರೆಲ್ಲ ಇಲ್ಲಿಗೆ ಬಂದು ಹೊಂಡದಿಂದ ಏಳು ಹಿಡಿ ಮಣ್ಣು ತೆಗೆದು ದಿಬ್ಬಕ್ಕೆ ಹಾಕಬೇಕು. ಹಾಕುವಾಗ ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಗಟ್ಟಿಯಾಗಿ ಹೇಳಬೇಕು. ಹೊಂಡ ಆಳವಾದದ್ದೂ ದಿಬ್ಬ ಎತ್ತರವಾದದ್ದೂ ಹಾಗೆಯೇ. ವಿಭಜನೆಯ ವರ್ಷ ಲಾಭ್ ಸಿಂಗ್ ಹೊರಟುನಿಂತಾಗ ಒಂದು ಇಟ್ಟಿಗೆ ಕೇಳಿದ. ಮೆಹರ್ ದೀನನ ಅಪ್ಪನೇ ಮೀಟಿ ಕೊಟ್ಟ. ಇಬ್ಬರೂ ಒಂದೇ ಎಮ್ಮೆಯ ಹಾಲು ಕುಡಿದು ಬೆಳೆದವರು.

"ತಿಂಗಳೊಪ್ಪತ್ತಲ್ಲಿ ಗಲಾಟೆ ತಣ್ಣಗಾಗುತ್ತೆ, ವಾಪಸ್ ತಂದು ಇಡ್ತೀನಿ ಅಂದಿದ್ದ ಲಾಭಾ. ನಾನು ಅಷ್ಟುದ್ದ ಇದ್ದೆ, ನೋಡ್ತಾ ನಿಂತಿದ್ದೆ. ಅಪ್ಪ ಯಾರಿಗೂ ಅದನ್ನ ಮುಚ್ಚೋಕೆ ಬಿಡ್ಲಿಲ್ಲ. ಅವನು ಬಂದಾಗ ಜಾಗ ತುಂಬಿದ್ರೆ ಏನಂದ್ಕೋತಾನೆ ಅಂತಿದ್ದ. ಸಾಯೋವಾಗ್ಲೂ ಕೇಳಿದ್ದು ಒಂದೇ, ಲಾಭಾ ಬಂದ್ನಾ ಅಂತ. ಬರ್ತಾನೆ ಅಪ್ಪಾ, ನಾನಿದೀನಲ್ಲ ಅಂದೆ. ಮೌಲ್ವಿ ಬಯ್ತಾನೆ, ಸೊಸೆಯಂದಿರು ನಗ್ತಾರೆ. ವರ್ಷಕ್ಕೊಂದ್ಸಲ ಸುಣ್ಣ ಬಳೀತೀನಿ, ಖಾಲಿ ಇಟ್ಟಿದೀನಿ."

ಇಷ್ಟು ವರ್ಷ ಅಲೆದು ಖಾವರ್ ಕಂಡದ್ದೆಲ್ಲ ಬಿಟ್ಟುಹೋದ ಜಾಗಗಳು. ಬಿಟ್ಟುಹೋದವರಿಗಾಗಿ ಕಾದಿಟ್ಟ ಜಾಗವನ್ನು ಇದೇ ಮೊದಲು ಕಂಡದ್ದು. ಅಸೂಯೆಯಾಯಿತು, ಸುಳ್ಳೇಕೆ. ಹೊಂಡಕ್ಕೆ ಇಳಿದು ಒಂದು ಹಿಡಿ ಮಣ್ಣು ಎತ್ತಿ ಚಿತ್ರ ಹಿಡಿಯೋಣವೆಂದು ಬಗ್ಗಿದರೆ ಮುದುಕ ಮತ್ತೆ ಗದರಿದ.

"ಮಣ್ಣು ಮುಟ್ಟಬೇಡ ಪುತ್ತರ್. ಅದು ನಮ್ಮೋರು ತೆಗೆಯೋದು. ನೀನು ಯಾವ ಊರೋನು?"

"ನಾರೋವಾಲ್."

"ಅದಕ್ಕಿಂತ ಹಿಂದೆ?"

ಖಾವರ್ ಪ್ಯಾಂಟಿಗೆ ಕೈ ಒರೆಸಿಕೊಂಡು ಮೋಟಾರ್ ಸೈಕಲ್ ಹತ್ತಿದ.

ಮರುದಿನವೇ ಬಂದು ಫೋನಿನಲ್ಲಿ ಇಬ್ಬರನ್ನೂ ಮುಖಾಮುಖಿ ಮಾಡಿಸಿದ. ರೇಷಮ್ ಕೌರ್ ಗೋಡೆ ನೋಡಿ, ತೂತು ನೋಡಿ, ಸೆರಗು ಬಾಯಿಗೆ ತುರುಕಿಕೊಂಡಳು. ಮೆಹರ್ ದೀನ್ ಕುಶಲ ಗಿಶಲ ಏನೂ ಕೇಳಲಿಲ್ಲ.

"ಮಗಳೇ, ನಿಮ್ಮಜ್ಜ ಒಂದು ಇಟ್ಟಿಗೆ ತಗೊಂಡು ಹೋದೋನು ಇನ್ನೂ ತಂದಿಲ್ಲ."

"ತಾಯಾಜೀ," ಎಂದಳು ರೇಷಮ್ ಕೌರ್, ದೊಡ್ಡಪ್ಪನನ್ನು ಕರೆಯುವ ಹಾಗೆ. "ಅದನ್ನ ಕೊಟ್ಟುಬಿಟ್ರೆ ನಮ್ಮ ಗದ್ದುಗೇಲಿ ಏನಿರುತ್ತೆ?"

"ನಮ್ಮ ಗೋಡೇಲಿ ಏನಿದೆ ನೋಡಿದ್ಯಲ್ಲ. ಇನ್ನೊಂದು ನಾಲ್ಕು ವರ್ಷ ಇರ್ತೀನೇನೋ. ಆಮೇಲೆ ಇವರು ಸಿಮೆಂಟ್ ಮೆತ್ತುತಾರೆ."

ನಡುವೆ ಬಾಯಿ ಹಾಕಿದವನು ಖಾವರ್. ಬಾಯಿ ಹಾಕದಿದ್ದರೆ ಅವನಿಗೆ ತಿಂದದ್ದು ಜೀರ್ಣವಾಗದು. ಮೂಲ ಗೋಡೆಯ ಇಟ್ಟಿಗೆ ಮೂಲ ಗೋಡೆಗೇ ಸೇರಬೇಕು ಭೈಣ್‌ಜೀ, ಇಲ್ಲದಿದ್ದರೆ ಎರಡು ಕಡೆಯೂ ಅರ್ಧಂಬರ್ಧ, ಯೋಚಿಸಿ ನೋಡಿ, ಎಂದೆಲ್ಲ ಒಂದು ವಾರ ಅವಳ ಕಿವಿ ತಿಂದ. ಕಡೆಗೆ ಅವಳು ಒಪ್ಪಿದಳು. ಗಡಿಗೆ ಅಂಟಿಕೊಂಡು ಈಚೆಗಿರುವ ಕರ್ತಾರ್‌ಪುರದ ಗುರುದ್ವಾರಕ್ಕೆ ಆಚೆಯವರು ವೀಸಾ ಇಲ್ಲದೆ ಬೆಳಗ್ಗೆ ಬಂದು ಸಂಜೆಗೆ ಹಿಂತಿರುಗಬಹುದು, ಈಚೆಯವರೂ ಹೋಗಬಹುದು. ಅಲ್ಲೇ ಕೊಡುವುದೆಂದಾಯಿತು.

ಹೊರಡುವ ದಿನ ಕೋಟ್ ಮೋಹ್ಕಾಕ್ಕೆ ಬಂದ ಖಾವರ್ ನೇರ ಗೋಡೆಯ ಹತ್ತಿರ ಓಡಿದ. ತೂತಿನ ಕೆಳಗೆ ಇನ್ನೊಂದು ತೂತು. ಮೆಹರ್ ದೀನ್ ಹೊಸದಾಗಿ ಕಿತ್ತ ಇಟ್ಟಿಗೆಯನ್ನು ಹಾಲಲ್ಲಿ ತೊಳೆದು ಹಸಿರು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಏನು ಮಾಡಿದ್ರಿ ಚಾಚಾ? ಇನ್ನೂರು ಮುನ್ನೂರು ವರ್ಷದ ಗೋಡೆ ಇದು. ಒಂದು ತುಂಬ್ಸೋಕೆ ಹೋಗಿ ಇನ್ನೊಂದು ಕೀಳೋದಾ? ಇದೇನು ನಿಮ್ಮ ಹಿತ್ತಲ ಬೇಲೀನಾ?"

"ಹೂಂ, ನಮ್ಮದೇ. ಹೆಣ್ಣುಮಗಳನ್ನ ಬರಿಗೈಲಿ ಕಳಿಸ್ತಾರಾ? ಅವಳು ತವರಿಗೆ ಬರ್ತಾ ಇರೋದು."

"ಬೇರೆ ಏನಾದ್ರೂ ಕೊಡ್ಬಹುದಿತ್ತು. ಬೆಲ್ಲ ಕೊಡಿ. ಶಾಲು ಕೊಡಿ."

"ಬೆಲ್ಲಕ್ಕೆ ಯಾರಪ್ಪಾ ಅಡ್ಡ ಬೀಳ್ತಾರೆ? ಗೋಡೆ ನೋಡೋಕೆ ಬಂದೋನು ನೋಡು. ಗೋಡೆ ಯಾಕಿದೆ ಅಂತ ನಂಗೆ ಬಿಡು."

ಖಾವರ್ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದ. ಬಾಡಿಗೆ ವ್ಯಾನಿನ ಕಿಟಕಿಯಾಚೆ ಸಾಸಿವೆ ಹೊಲ ಹಳದಿಯಾಗಿ ಓಡುತ್ತಿತ್ತು. ಅವನಿಗೆ ಅದ್ಯಾವುದೂ ಬೇಡವಾಗಿತ್ತು.

ಕರ್ತಾರ್‌ಪುರದ ಅಮೃತಶಿಲೆಯ ಅಂಗಳದಲ್ಲಿ ಕಣ್ಣು ಕೋರೈಸುವ ಚಳಿಗಾಲದ ಬಿಸಿಲು. ರೇಷಮ್ ಕೌರ್ ದೂರದಿಂದಲೇ ಗುರುತು ಸಿಕ್ಕಳು. ಗುಂಡುಗುಂಡಗಿನ ಹೆಂಗಸು, ಮಗುವನ್ನೆತ್ತಿಕೊಂಡ ಹಾಗೆ ಕೆಂಪು ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಬರುತ್ತಿದ್ದಳು. ಬಟ್ಟೆಯ ಸುತ್ತ ಹೊಲಿಗೆ ಹಾಕಿತ್ತು.

"ಗಡೀಲಿ ಬಿಚ್ಚಿ ನೋಡ್ಬೇಕು ಅಂದ್ರು" ಎಂದಳು, ಉಸಿರು ಬಿಡುತ್ತ. "ನಮ್ಮ ಮುತ್ತಜ್ಜ ಇದಾನೆ ಒಳಗೆ, ಮೈ ಮೇಲೆ ಬಟ್ಟೆ ಇಲ್ಲ ಅಂದೆ. ಯಂತ್ರದೊಳಗೆ ಹಾಯಿಸಿ ಬಿಟ್ರು."

ಮೆಹರ್ ದೀನ್ ನಗಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟ. ಅವಳು ಗಂಟನ್ನು ಅವನ ಕೈಗಿಟ್ಟು ಗೊಳೋ ಎಂದು ಅತ್ತಳು. ಇಷ್ಟು ವರ್ಷ ಅದಕ್ಕೆ ಸುಣ್ಣ ಬಳಿದದ್ದು ನಾನೇ, ಮೂರು ಮಕ್ಕಳ ಮದುವೆ ಅದರೆದುರು ಆಯಿತು, ಬೆಳಗ್ಗೆ ಕಿತ್ತು ತೆಗೆಯುವಾಗ ಜೀವ ಹೋದಹಾಗಾಯಿತು ತಾಯಾಜೀ, ಎಂದಳು. ಮುದುಕ ಗಂಟನ್ನು ಕಣ್ಣಿಗೊತ್ತಿಕೊಂಡ. ಆ ಒಂದು ಕ್ಷಣ ಅವನ ಮುಖದಲ್ಲಿ ಏನೋ ಆರಿಹೋದದ್ದನ್ನು ಖಾವರ್ ಕಂಡ. ಬಳಲಿಕೆ ಇರಬೇಕೆಂದುಕೊಂಡ.

ಆಮೇಲೆ ಮುದುಕ ಹಸಿರು ಬಟ್ಟೆಯ ಗಂಟನ್ನೂ ಹೊಂಡದ ಮಣ್ಣಿನ ಕುಡಿಕೆಯನ್ನೂ ಅವಳ ಮಡಿಲಿಗೆ ಹಾಕಿದ. ಮೂವರೂ ಗುರುದ್ವಾರದ ದಾಸೋಹವಾದ ಲಂಗರಿನಲ್ಲಿ ಸಾಲಾಗಿ ಕೂತು ರೊಟ್ಟಿ ಬೇಳೆ ಉಂಡರು. ಬಿಸಿಲು ಇಳಿಯುವ ಮುಂಚೆ ಅವಳು ಹೊರಟಳು, ತಿರುಗಿ ತಿರುಗಿ ನೋಡುತ್ತ.

ವ್ಯಾನು ಊರಿನತ್ತ ಹೊರಳಿತು. ಮುದುಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಖಾವರನಿಗೆ ತಡೆಯಲಾಗಲಿಲ್ಲ.

"ಬಿಚ್ಚಿ ಚಾಚಾ. ಒಂದು ಚಿತ್ರ ತಗೋತೀನಿ."

"ಇದು ಅದಲ್ಲ, ಪುತ್ತರ್."

"ಬಿಚ್ಚೇ ಇಲ್ಲ ನೀವು."

"ಆ ತೂತಿನೊಳಗೆ ಜೀವಮಾನವೆಲ್ಲ ಕೈ ಹಾಕಿದೀನಿ. ಅದರೊಳಗೆ ಹಿಡಿಸೋದು ಎಷ್ಟು ಅಂತ ಗೊತ್ತಾಗಲ್ವಾ? ಕೈಗೆ ಬಂದ ತಕ್ಷಣ ಗೊತ್ತಾಯ್ತು."

ಖಾವರ್ ಕಸಿದುಕೊಂಡವನಂತೆ ಗಂಟು ತೆಗೆದು ಹೊಲಿಗೆ ಹರಿದ. ಒಳಗೆ ಪದರ ಪದರ ಸುಣ್ಣ ಮೆತ್ತಿಕೊಂಡ ಒಂದು ಇಟ್ಟಿಗೆ. ನಾಲ್ಕು ಬೆರಳು ದಪ್ಪ, ಗೇಣುದ್ದ. ಉಗುರಿನಿಂದ ಕೆರೆದ. ಸುಣ್ಣ ಉದುರಿ ಕೆಂಪು ಕಂಡಿತು, ಕೆಂಪಿನಲ್ಲಿ ಅಚ್ಚೊತ್ತಿದ ಅಂಕಿ ಕಂಡಿತು. ೧೯೪೪. ಊರೂರಿನ ಭಟ್ಟಿಗಳಲ್ಲಿ ಸುಟ್ಟು ಗಾಡಿಗಟ್ಟಲೆ ಮಾರುತ್ತಿದ್ದ ಮಾಲು. ಮೋಹ್ಕಾ ಬಾಬಾ ಸತ್ತು ಮಣ್ಣಾಗಿ ಎಷ್ಟೋ ತಲೆಮಾರು ಕಳೆದಮೇಲೆ ಹುಟ್ಟಿದ ಇಟ್ಟಿಗೆ.

ನಿಜವಾದ ಇಟ್ಟಿಗೆ ಆಚೆಗೆ ಹೋಯಿತು, ಈಚೆಗೆ ಬಂದದ್ದು ಇದು. ಖಾವರ್ ಫೋನು ತೆಗೆದು ರೇಷಮ್ ಕೌರಳ ನಂಬರ್ ಒತ್ತತೊಡಗಿದ. ಮುದುಕ ಆ ಕೈಯನ್ನು ಹಿಡಿದುಕೊಂಡ.

"ಏನಂತ ಕೇಳ್ತೀಯ? ನಿಮ್ಮಜ್ಜ ಸುಳ್ಳ ಅಂತ ಕೇಳ್ತೀಯಾ?"

"ಮತ್ತೆ? ಎಲ್ಲಿ ಹೋಯ್ತು ಅದು?"

"ಎಲ್ಲಿಗಾದ್ರೂ ಹೋಗಿರುತ್ತೆ. ಆ ಕಾಲದಲ್ಲಿ ರಾವಿ ಸೇತುವೆ ಮೇಲೆ ಮಕ್ಕಳೇ ಕಳೆದುಹೋದ್ರು. ಅವನ ಕೈಯಿಂದ ಒಂದು ಇಟ್ಟಿಗೆ ಬಿದ್ದಿರುತ್ತೆ. ಬರಿಗೈಲಿ ಹೋಗಿ ಹೆಂಡ್ತಿ ಮಕ್ಕಳಿಗೆ ಹೆಂಗೆ ಹೇಳ್ತಾನೆ, ಬಾಬಾನ ಕಳಕೊಂಡೆ ಅಂತ? ಸಿಕ್ಕಿದ್ದು ಎತ್ಕೊಂಡಿದಾನೆ."

ಆಮೇಲೆ ಮುದುಕ ಕಿಟಕಿಯತ್ತ ಮುಖ ಮಾಡಿ ಹೇಳಿದ. "ನಂಗೆ ಇಟ್ಟಿಗೆ ದುಃಖ ಅಲ್ಲಪ್ಪಾ. ಇಷ್ಟು ದಿನ ಬರುತ್ತೆ ಅಂತ ಆದ್ರೂ ಇತ್ತು. ಈಗ ಯಾವ ಆಸೆಗೆ ಅದನ್ನ ಖಾಲಿ ಇಡ್ಲಿ? ಅಪ್ಪನಿಗೆ ಏನು ಹೇಳ್ಲಿ?"

ಖಾವರ್ ಹೋಗಿ ಮೂಗು ತೂರಿಸುವ ತನಕ ಆಚೆಯವರಿಗೊಬ್ಬ ಬಾಬಾ ಇದ್ದ, ಈಚೆಯವರಿಗೊಂದು ಆಸೆ ಇತ್ತು. ತನ್ನ ಕಾಲಿನ ತೀಟೆಗೆ ಎರಡನ್ನೂ ಕದಡಿಟ್ಟನಲ್ಲ. ಬಾಗಿಲು ತೆಗೆದು ಹಾರಿ ಕಬ್ಬಿನ ಗದ್ದೆಯೊಳಗೆ ಓಡಿಹೋಗೋಣವೆನ್ನಿಸಿತು. ರಿಫತ್ ನೆನಪಾದಳು, ಸೋರುವ ನಲ್ಲಿ ನೆನಪಾಯಿತು, ಅಲ್ಲಿಯೇ ಕೂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ.

ದಿಬ್ಬದ ಮೇಲೆ ಊರಿಗೆ ಊರೇ ನೆರೆದಿತ್ತು. ಹಂಡೆಯಲ್ಲಿ ಕೇಸರಿ ಬಣ್ಣದ ಸಿಹಿ ಅನ್ನ ಬೆಂದು ಘಮ್ಮೆನ್ನುತ್ತಿತ್ತು. ಗಾರೆ ಕೆಲಸದ ಬಶೀರ ಸುಣ್ಣ ಕಲಸಿ ಕಾಯುತ್ತಿದ್ದ. ನಗುತ್ತಾರೆಂದು ಮುದುಕ ದೂರಿದ ಸೊಸೆಯಂದಿರು ತಲೆ ಮೇಲೆ ಸೆರಗು ಹೊದ್ದು ಮುಂದೆಯೇ ನಿಂತಿದ್ದರು. ಮುದುಕ ವ್ಯಾನಿನಿಂದ ಇಳಿದ. ಬಾಗಿಲು ಹಿಡಿದು ಅಲ್ಲೇ ನಿಂತ. ಇಟ್ಟಿಗೆ ಖಾವರನ ಕೈಯಲ್ಲೇ ಉಳಿಯಿತು.

ಬಶೀರ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಜನರೂ ನೋಡಿದರು.

"ಚಾಚಾ, ಇದು ಭಟ್ಟಿ ಇಟ್ಟಿಗೆ" ಎಂದ ಬಶೀರ, ಮೆಲ್ಲಗೆ. "ಏನೋ ಅದಲುಬದಲು ಆಗಿದೆ."

ಯಾರೋ ಹಿಂದೆ ಕಿಸಕ್ಕೆಂದರು. ಮೆಹರ್ ದೀನ್ ಹಗ್ಗದ ಮಂಚದ ಮೇಲೆ ಕುಸಿದು ಕೂತ. ಕೂತವನು ತಲೆಯೆತ್ತದೆ ಎರಡು ತೂತಿನತ್ತ ಕೈ ಬೀಸಿದ. "ಅದನ್ನ ಆಚೆ ಇಡ್ರೋ. ಎರಡಕ್ಕೂ ಸಿಮೆಂಟ್ ಮೆತ್ತಿಬಿಡಿ. ಮುಗೀತು."

ಖಾವರ್ ಕೈ ಕೈ ಹಿಸುಕುತ್ತ ನಿಂತಿದ್ದ. ಅವನ ತಲೆಯಲ್ಲಿ ಮುದುಕ ವ್ಯಾನಿನಲ್ಲಿ ಹೇಳಿದ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು. ಸಿಕ್ಕಿದ್ದು ಎತ್ತಿಕೊಂಡ. ಎಲ್ಲಿಂದ ಎತ್ತಿಕೊಂಡ? ಸೇತುವೆ ದಾಟಿದರೆ ಡೇರಾ ಬಾಬಾ ನಾನಕ್, ಅಲ್ಲಿಂದ ಬಟಾಲಾ ರಸ್ತೆ. ಆ ರಸ್ತೆಯ ಎರಡೂ ಬದಿ ಆ ವಾರ ತೆರೆದ ಬಾಗಿಲಿನ ಮನೆಗಳು, ಒಲೆಯಲ್ಲಿ ಬೂದಿ ಬಿಟ್ಟು ಎದ್ದುಹೋದವರ ಮನೆಗಳು. ಯಾರ ಮನೆಗಳು ಅವು?

"ಬಶೀರ, ಅದನ್ನ ಆಚೆ ಇಡಬೇಡ" ಎಂದ. ಧ್ವನಿ ಅವನಿಗೇ ಬೇರೆಯವರದೆನ್ನಿಸಿತು. "ಚಾಚಾ, ಲಾಭ್ ಸಿಂಗ್ ಇದನ್ನ ಎಲ್ಲಿಂದ ಎತ್ಕೊಂಡಿರ್ತಾನೆ? ಅಲ್ಲಿ ಖಾಲಿ ಬಿದ್ದಿದ್ದು ಯಾರ ಮನೆಗಳು? ನಮ್ಮೋರದು. ಇಲ್ಲಿಗೆ ಓಡಿಬಂದೋರದು. ನಮ್ಮ ದಾದಾನ ಮನೆ ಅಲ್ಲೇ ಎಲ್ಲೋ ಇತ್ತು. ಯಾವ ಊರು ಅಂತ ಹೇಳ್ದೇನೇ ಹೋದ್ರು. ಇದು ಅವರ ಮನೇದು ಅಂತ ನಾನು ಹೇಳಲ್ಲ. ಯಾರದೋ ಒಬ್ಬರ ಮನೇದು. ಅವರ ಮನೆಗೋಡೆಗೆ ಅಷ್ಟು ವರ್ಷ ಅಲ್ಲಿ ಹೆಣ್ಣುಮಕ್ಕಳು ದೀಪ ಹಚ್ಚಿದಾರೆ. ಈಗ ಅದು ಇಷ್ಟು ದೂರ ಬಂದಿದೆ. ಆಚೆ ಇಡು ಅಂತೀರಲ್ಲ, ಎಲ್ಲಿಡ್ಲಿ?"

ಕಿಸಕ್ಕೆಂದವರೂ ಬಾಯಿ ಮುಚ್ಚಿಕೊಂಡರು. ಬಟಾಲಾ ಕಡೆಯಿಂದ ಬಂದ ಮನೆಗಳು ಆ ಊರಲ್ಲೂ ನಾಲ್ಕಾರು ಇದ್ದವು. ಮೆಹರ್ ದೀನ್ ತಲೆಯೆತ್ತಿ ಖಾವರನನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬಶೀರನತ್ತ ತಿರುಗಿದ.

"ಹಿಡಿಸುತ್ತಾ ನೋಡು."

ಬಶೀರ ಎರಡು ತೂತುಗಳ ನಡುವೆ ಉಳಿದಿದ್ದ ಸುಣ್ಣದ ಗಾರೆಯನ್ನು ಕೆರೆದು ತೆಗೆದ. ಎರಡೂ ಸೇರಿ ಒಂದಾಯಿತು. ಇಟ್ಟಿಗೆಯ ತುದಿ ಮುಂದೆ ಮಾಡಿ ತೂರಿಸಿದ. ಎತ್ತರಕ್ಕೆ ಸರಿಹೋಯಿತು. ಜನ ಹಾ ಎಂದರು. ಆದರೆ ಆಳ ಸಾಲದು. ಮೂರು ಬೆರಳು ಹೊರಗೇ ಚಾಚಿಕೊಂಡು ನಿಂತಿತು.

"ತೊಂದ್ರೆ ಇಲ್ಲ" ಎಂದ ಬಶೀರ, ಸುತ್ತಿಗೆ ಕೈಗೆತ್ತಿಕೊಂಡು. "ಹಿಂಬದಿ ಒಂದಿಷ್ಟು ಹೊಡೆದು ಹಾಕ್ತೀನಿ. ಕೂತ್ಕೊಳುತ್ತೆ."

"ಇಟ್ಟಿಗೆ ಮುಟ್ಟಬೇಡ" ಎಂದ ಖಾವರ್. "ಉಳಿ ಕೊಡು ಇಲ್ಲಿ."

ಕೋಟೆಗಳ ಮೇಲೆ ಯಾರಾದರೂ ಹೆಸರು ಕೆತ್ತಿದರೆ ಮೂರು ದಿನ ಊಟ ಬಿಡುವವನು, ಒಂದು ಇಟ್ಟಿಗೆ ಕಿತ್ತದ್ದಕ್ಕೆ ಬೆಳಗ್ಗೆಯಷ್ಟೇ ಎಂಬತ್ತರ ಮುದುಕನ ಮೇಲೆ ಹಾರಾಡಿದವನು, ಉಳಿ ಹಿಡಿದು ಬಾಬಾ ಮೋಹ್ಕಾನ ಗೋಡೆಯನ್ನು ತಾನೇ ಕೆತ್ತಲು ನಿಂತ. ಒಳಗೆ ಹಳೆಯ ಚೂರಿಟ್ಟಿಗೆ, ಸುಣ್ಣ, ಬೇಳೆಯ ಗಂಜಿ ಬೆರೆಸಿ ಗಟ್ಟಿ ಮಾಡಿದ ಗಾರೆ. ಒಂದೊಂದು ಪೆಟ್ಟಿಗೂ ಅವನ ಹಲ್ಲು ಜುಮ್ಮೆನ್ನುತ್ತಿತ್ತು. ಅತ್ತನೋ ಬೆವರಿದನೋ, ಮುಖವೆಲ್ಲ ಒದ್ದೆಯಾಗಿ ಸುಣ್ಣದ ಧೂಳು ಮೆತ್ತಿಕೊಂಡಿತು.

"ಬೆಳಗ್ಗೆ ಇದೇ ಗೋಡೆಗೆ ನನ್ನ ಜೊತೆ ಜಗಳಾಡ್ದೆ" ಎಂದ ಮೆಹರ್ ದೀನ್, ಕತ್ತಲಾಗುತ್ತಿದ್ದುದರಿಂದ ದೀಪ ಹಿಡಿದು ಪಕ್ಕಕ್ಕೆ ಬಂದು.

"ಬೆಳಗ್ಗೆದು ಬೆಳಗ್ಗೆಗೆ ಆಯ್ತು ಚಾಚಾ. ದೀಪ ಸ್ವಲ್ಪ ಈ ಕಡೆ ಹಿಡೀರಿ."

ಇಟ್ಟಿಗೆ ಒಳಗೆ ಸರಿಯಿತು. ಬಶೀರ ಸುತ್ತ ಸುಣ್ಣ ತುಂಬಿ ಬೆರಳಲ್ಲಿ ತೀಡಿದ. ಅಷ್ಟರಲ್ಲಿ ಖಾವರನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ರೇಷಮ್ ಕೌರ್. ಮನೆ ಮುಟ್ಟಿದ್ದೇನೆ, ಹಸಿರು ಬಟ್ಟೆಯ ಇಟ್ಟಿಗೆಗೆ ಆಗಲೇ ಅರ್ಧ ಊರು ಬಂದು ಅಡ್ಡ ಬಿದ್ದಾಯಿತು, ಎಂದಳು. ಆಮೇಲೆ ಧ್ವನಿ ತಗ್ಗಿಸಿದಳು.

"ವೀರ್‌ಜೀ, ನಮ್ಮದು ಸರಿಯಾಗಿ ಕೂತ್ಕೊಂಡ್ತಾ? ಇದು ಇಷ್ಟು ಸಣ್ಣದಿದೆ, ನಮ್ಮದು ದೊಡ್ಡದಿತ್ತಲ್ಲ. ಆಗಿಂದ ಒಂಥರಾ ಆಗ್ತಿದೆ ನಂಗೆ."

ಖಾವರ್ ಬಾಯಿ ತೆರೆಯುವಷ್ಟರಲ್ಲಿ ಮೆಹರ್ ದೀನ್ ಫೋನು ತೆಗೆದುಕೊಂಡ.

"ಕೂತಿದೆ ಮಗಳೇ. ಗಟ್ಟಿಯಾಗಿ ಕೂತಿದೆ. ನಿಮ್ಮಜ್ಜ ತಂದುಕೊಡ್ತೀನಿ ಅಂದಿದ್ದ, ತಂದುಕೊಟ್ಟ. ನೀನು ಉಂಡು ಮಲಗು."

ಫೋನು ಹಿಂದಕ್ಕೆ ಕೊಟ್ಟವನು ಗೋಡೆಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ, ಹಸಿ ಸುಣ್ಣ ಅಂಗೈಗೆ ಅಂಟಿತು. ಆಮೇಲೆ ಹೊಂಡದ ಕಡೆ ತಲೆಯಾಡಿಸಿದ.

"ಇಳಿ."

"ಯಾರು, ನಾನಾ? ನಮ್ಮೋರು ತೆಗೆಯೋದು ಅಂದಿದ್ರಿ."

"ಮದುವೆ ಆಗಿದೆ ತಾನೆ ನಿಂಗೆ? ಮಣ್ಣು ತೆಗೆಯದೇನೆ ಸಂಸಾರ ಮಾಡಿದ್ದೀಯ. ಅದಕ್ಕೇ ಕಾಲು ಒಂದು ಕಡೆ ನಿಲ್ಲಲ್ಲ. ಇಳಿ ಅಂದ್ನಲ್ಲ."

ಖಾವರ್ ಪ್ಯಾಂಟು ಮಂಡಿಗೆ ಮಡಿಸಿ ಇಳಿದ. ನೀರು ಮರಗಟ್ಟಿಸುವಷ್ಟು ತಣ್ಣಗಿತ್ತು. ತಳದ ಕೆಸರಿಗೆ ಕೈ ಹಾಕಿ ಮೊದಲ ಹಿಡಿ ಮಣ್ಣೆತ್ತಿ ದಿಬ್ಬಕ್ಕೆ ಬಂದ. ಊರೆಲ್ಲ ನೋಡುತ್ತಿತ್ತು. ತನ್ನ ಹೆಸರು ಹೇಳಿದ. ಅಪ್ಪನ ಹೆಸರು ಹೇಳಿದ. ಅಲ್ಲಿಗೆ ನಿಂತುಹೋದ. ಬೆರಳ ಸಂದಿನಿಂದ ಕೆಸರು ನೀರು ಸೋರುತ್ತಿತ್ತು.

"ಊರು ಹೇಳು" ಎಂದ ಮೆಹರ್ ದೀನ್.

"ಗೊತ್ತಿಲ್ಲ ಚಾಚಾ. ನಿಮಗೆ ಗೊತ್ತಲ್ಲ, ಗೊತ್ತಿಲ್ಲ ಅಂತ."

"ಕೋಟ್ ಮೋಹ್ಕಾ ಅನ್ನು."

ಖಾವರ್ ಗೋಡೆಯ ಕಡೆ ನೋಡಿದ. ದೀಪದ ಬೆಳಕಲ್ಲಿ, ಸಣ್ಣ ಇಟ್ಟಿಗೆಗಳ ನಡುವೆ ಆ ದೊಡ್ಡ ಇಟ್ಟಿಗೆ ದೂರದಿಂದಲೇ ಬೇರೆಯಾಗಿ ಕಾಣುತ್ತಿತ್ತು. ಮುಂದಿನ ವರ್ಷ ಸುಣ್ಣ ಬಳಿದರೂ ಕಾಣುತ್ತದೆ. ಅವನು ಊರಿಗೆಲ್ಲ ಕೇಳುವಂತೆ, ಕೋಟ್ ಮೋಹ್ಕಾ ಎಂದ. ಮಣ್ಣು ಹಾಕಿ, ಎರಡನೆಯ ಹಿಡಿಗೆ ಮತ್ತೆ ನೀರಿಗಿಳಿದ.